ಕಲಿಸುವವರು ಯಾರು? ಅಂಗವಿಕಲರ ಆಪ್ತ ಸಹಾಯಕರ ತರಬೇತಿಯ ಇತಿಹಾಸ

'ಆಪ್ತ ಸಹಾಯಕ' ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವುದು ವಿಧಾನಸೌಧದ ಮೊಗಸಾಲೆ. ಮಂತ್ರಿಗಳ ಹಿಂದೆ ಕಡತ ಹಿಡಿದು ನಡೆಯುವ, ಅವರ ಫೋನು ಎತ್ತುವ, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾಯಿಸಬೇಕು ಎಂದು ಬಲ್ಲ ವ್ಯಕ್ತಿ ಆತ. ಅವನು ಎಷ್ಟೇ ಓದಿದ್ದರೂ ಕೆಲಸಕ್ಕೆ ಸೇರಿದ ಮೇಲೆ ಮಂತ್ರಿಗಳ ರೀತಿನೀತಿಗಳನ್ನು ಅವರಿಂದಲೇ ಕಲಿಯಬೇಕಾಗುತ್ತದೆ. ಮಂತ್ರಿಗಳಿಗೆ ಸಹಾಯಕ ಬೇಕೆಂಬ ಕಾರಣಕ್ಕೆ ಅವರನ್ನು ಯಾರೂ ಅಸಹಾಯಕರೆಂದು ಕರೆಯುವುದಿಲ್ಲ.

ಆದರೆ ಕೈಕಾಲು ಸ್ವಾಧೀನದಲ್ಲಿಲ್ಲದ ಒಬ್ಬ ವ್ಯಕ್ತಿಗೆ ಹಾಸಿಗೆಯಿಂದ ಏಳಲು, ಸ್ನಾನ ಮಾಡಲು, ಬಟ್ಟೆ ತೊಡಲು, ಊಟ ಮಾಡಲು, ಕಚೇರಿಗೆ ಹೋಗಲು ಇನ್ನೊಬ್ಬರ ನೆರವು ಬೇಕಾದಾಗ ನಮ್ಮ ಲೆಕ್ಕ ಬದಲಾಗುತ್ತದೆ. ಅಲ್ಲಿ ನೆರವಾಗುವವನು 'ನೋಡಿಕೊಳ್ಳುವವನು' ಆಗುತ್ತಾನೆ, ನೆರವು ಪಡೆಯುವವನು ಅವನ ಅಧೀನನಾಗುತ್ತಾನೆ. ಸ್ನಾನದ ಹೊತ್ತು ಯಾವುದು, ಯಾವ ಅಂಗಿ ತೊಡಬೇಕು, ಯಾವಾಗ ಮಲಗಬೇಕು ಎಂಬುದೆಲ್ಲ ನೋಡಿಕೊಳ್ಳುವವನ ತೀರ್ಮಾನ. ಈ ಸಂಬಂಧವನ್ನು ತಲೆಕೆಳಗು ಮಾಡಿ, 'ಕೆಲಸಕ್ಕಿಟ್ಟುಕೊಂಡವನು ನಾನು, ಕಲಿಸುವವನೂ ನಾನೇ' ಎಂದು ಅಂಗವಿಕಲರೇ ಹೇಳತೊಡಗಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆ ಬದಲಾವಣೆಯ ಇತಿಹಾಸವನ್ನು ಸಂಕ್ಷಿಪ್ತವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಮನೆ ಇಲ್ಲವೇ ಆಸ್ಪತ್ರೆ

ಬಹುಕಾಲದವರೆಗೆ ತೀವ್ರ ಅಂಗವಿಕಲತೆಯುಳ್ಳವರಿಗೆ ಇದ್ದದ್ದು ಎರಡೇ ದಾರಿ. ಒಂದು, ಮನೆಯ ಹೆಂಗಸರ ದುಡಿಮೆಯ ಮೇಲೆ ಬದುಕುವುದು. ಇನ್ನೊಂದು, ಆಸ್ಪತ್ರೆ ಅಥವಾ ಆಶ್ರಯಧಾಮ ಸೇರುವುದು. ಮನೆಯಲ್ಲಿ ತರಬೇತಿ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ತಾಯಿ ತನಗೆ ತಿಳಿದಂತೆ ಮಾಡುತ್ತಿದ್ದಳು. ಆಸ್ಪತ್ರೆಯಲ್ಲಿ ತರಬೇತಿ ಇತ್ತು, ಆದರೆ ಅದು ದಾದಿಯರ ಶಾಲೆಯ ತರಬೇತಿ. ಅಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಸ್ನಾನ, ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ನಿದ್ರೆ. ರೋಗಿಯ ಮಾತಿಗಿಂತ ವಾರ್ಡಿನ ವೇಳಾಪಟ್ಟಿಯೇ ದೊಡ್ಡದು. ಕಾಯಿಲೆ ಬಿದ್ದು ಹತ್ತು ದಿನ ಮಲಗುವವನಿಗೆ ಇದು ಸರಿಯೇ ಇರಬಹುದು. ಜೀವಮಾನವಿಡೀ ನೆರವು ಬೇಕಾದವನಿಗೆ ಇದು ಜೀವಾವಧಿ ಶಿಕ್ಷೆಯಂತೆ.

1940 ಮತ್ತು 50ರ ದಶಕಗಳಲ್ಲಿ ಅಮೆರಿಕ ಮತ್ತು ಯೂರೋಪುಗಳಲ್ಲಿ ಪೋಲಿಯೊ ಪಿಡುಗು ಹಬ್ಬಿತು. ಅಮೆರಿಕದಲ್ಲಿ 1952 ಒಂದೇ ವರ್ಷದಲ್ಲಿ ಸುಮಾರು 58,000 ಮಂದಿಗೆ ರೋಗ ತಗಲಿತು. ಉಸಿರಾಟದ ಸ್ನಾಯುಗಳೂ ಸೋತವರನ್ನು 'ಕಬ್ಬಿಣದ ಶ್ವಾಸಕೋಶ' ಎಂದು ಕರೆಯಲಾಗುತ್ತಿದ್ದ ದೊಡ್ಡ ಯಂತ್ರದೊಳಗೆ ಮಲಗಿಸಿ ಬದುಕಿಸಲಾಯಿತು. ಹೀಗೆ ಬದುಕುಳಿದ ಮಕ್ಕಳು ಬೆಳೆದು ಓದಬಯಸಿದಾಗ ಹಳೆಯ ಎರಡು ದಾರಿಗಳು ಸಾಲದಾದವು.

ಬರ್ಕ್ಲಿಯ ಆಸ್ಪತ್ರೆ ಕೊಠಡಿಯಲ್ಲಿ

ಆ ಮಕ್ಕಳಲ್ಲೊಬ್ಬ ಕ್ಯಾಲಿಫೋರ್ನಿಯಾದ ಎಡ್ ರಾಬರ್ಟ್ಸ್ (1939–1995). 1953ರಲ್ಲಿ, 14ನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಕತ್ತಿನ ಕೆಳಗೆ ದೇಹ ಬಹುತೇಕ ನಿಶ್ಚಲವಾಯಿತು. ಆಸ್ಪತ್ರೆಯಲ್ಲಿದ್ದಾಗ ಬದುಕೇ ಬೇಡವೆನಿಸಿ ಆ ಹುಡುಗ ಊಟ ಬಿಟ್ಟ. ತೂಕ ತೀರಾ ಇಳಿಯಿತು. ಸದಾ ಪಕ್ಕದಲ್ಲಿದ್ದು ಉಣಿಸಲು ಯತ್ನಿಸುತ್ತಿದ್ದ ದಾದಿ ಕೆಲಸ ಬಿಟ್ಟು ಹೋದ ದಿನ ತಾನಾಗಿಯೇ ಉಣ್ಣಲು ತೀರ್ಮಾನಿಸಿದೆನೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಇನ್ನೊಬ್ಬರ ಕೈಯಿಂದ ಉಣ್ಣುವುದು ಒಂದು ಮಾತು, ಇನ್ನೊಬ್ಬರ ಇಚ್ಛೆಯಂತೆ ಉಣ್ಣುವುದು ಬೇರೆಯೇ ಮಾತು. ಈ ವ್ಯತ್ಯಾಸವೇ ಮುಂದಿನ ಚಳವಳಿಯ ತಿರುಳಾಯಿತು.

ಪ್ರೌಢಶಾಲೆ ಅವರಿಗೆ ಪ್ರಮಾಣಪತ್ರ ಕೊಡಲು ಹಿಂಜರಿಯಿತು. ಕಾರಣ, ವ್ಯಾಯಾಮ ಮತ್ತು ವಾಹನ ಚಾಲನೆಯ ಪಾಠಗಳನ್ನು ಅವರು ಮುಗಿಸಿರಲಿಲ್ಲ! ತಾಯಿ ಝೋನಾ ರಾಬರ್ಟ್ಸ್ ಹೋರಾಡಿ ಅದನ್ನು ಪಡೆದರು. ರಾಜ್ಯದ ಪುನರ್ವಸತಿ ಇಲಾಖೆಯು ಈತ ಎಂದೂ ಉದ್ಯೋಗ ಮಾಡಲಾರನೆಂದು ಹೇಳಿ ಮೊದಲು ನೆರವು ನಿರಾಕರಿಸಿತು. ಕೊನೆಗೆ 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಕ್ಕಿತು. ಕಪ್ಪು ಜನಾಂಗದ ಜೇಮ್ಸ್ ಮೆರೆಡಿತ್ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬಾಗಿಲು ದಾಟಿದ್ದೂ ಅದೇ ವರ್ಷ ಎಂಬುದು ಗಮನಾರ್ಹ.

ಹಾಸ್ಟೆಲಿನಲ್ಲಿ ಆ ಭಾರೀ ಉಸಿರಾಟದ ಯಂತ್ರಕ್ಕೆ ಎಡೆಯಿರಲಿಲ್ಲವಾಗಿ, ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯ ಒಂದು ಕೊಠಡಿಯನ್ನೇ ಅವರ ವಾಸಕ್ಕೆ ಬಿಟ್ಟುಕೊಡಲಾಯಿತು. ನೆರವಿಗೆ ಮೊದಲು ತಮ್ಮ ರಾನ್ ಬಂದರು. ಮರುವರ್ಷ ಜಾನ್ ಹೆಸ್ಲರ್ ಸೇರಿದರು. ಈಜುವಾಗ ಧುಮುಕಿ ಕತ್ತಿಗೆ ಪೆಟ್ಟು ಬಿದ್ದಿದ್ದ ಅವರು ಅದುವರೆಗೆ ಸರ್ಕಾರಿ ಆಸ್ಪತ್ರೆಯೊಂದರಲ್ಲೇ ದಿನ ದೂಡುತ್ತಿದ್ದರು. ದಶಕದ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು ಹನ್ನೆರಡು ವಿದ್ಯಾರ್ಥಿಗಳಿದ್ದರು. ತಮ್ಮ ಗುಂಪಿಗೆ ಅವರು 'ರೋಲಿಂಗ್ ಕ್ವಾಡ್ಸ್' ಎಂದು ಹೆಸರಿಟ್ಟುಕೊಂಡರು.

ಕಟ್ಟಡ ಆಸ್ಪತ್ರೆಯದ್ದಾದರೂ ಒಳಗೆ ನಡೆದದ್ದು ಬೇರೆ. ಈ ವಿದ್ಯಾರ್ಥಿಗಳು ತಮ್ಮ ಸಹಾಯಕರನ್ನು ತಾವೇ ಆರಿಸಿದರು, ತಾವೇ ಕೆಲಸ ಕಲಿಸಿದರು, ಹೊಂದದಿದ್ದರೆ ತಾವೇ ತೆಗೆದರು. ಬಂದವರು ದಾದಿಯರಲ್ಲ, ಸಹಪಾಠಿಗಳು, ಕೆಲಸ ಹುಡುಕುವ ಸಾಮಾನ್ಯ ಯುವಕರು. ಹೊಸಬನಿಗೆ ಪಾಠ ಹೇಳುತ್ತಿದ್ದವನು ಗಾಲಿಕುರ್ಚಿಯಲ್ಲಿ ಕುಳಿತವನೇ. ತನ್ನ ದೇಹದ ಬಗ್ಗೆ ಹೆಚ್ಚು ಬಲ್ಲವನು ತಾನೇ ಎಂಬ ಆತ್ಮವಿಶ್ವಾಸ ಅವರಿಗೆ ಬಂದದ್ದು ಹೀಗೆ. 1969ರಲ್ಲಿ ಇಲಾಖೆಯ ಅಧಿಕಾರಿಯೊಬ್ಬರು ಇಬ್ಬರು ವಿದ್ಯಾರ್ಥಿಗಳನ್ನು ಹೊರಹಾಕಲು ಹೊರಟಾಗ ಇವರೆಲ್ಲ ಒಂದಾಗಿ ಪ್ರತಿಭಟಿಸಿ ಆ ಅಧಿಕಾರಿಯನ್ನೇ ವರ್ಗ ಮಾಡಿಸಿದರು.

1970ರಲ್ಲಿ ಕೇಂದ್ರ ಸರ್ಕಾರದ ಧನಸಹಾಯದಿಂದ ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳದೇ ಒಂದು ಸೇವಾ ವಿಭಾಗ ಆರಂಭವಾಯಿತು. ಹೆಸ್ಲರ್ ಅದರ ನಿರ್ದೇಶಕರಾದರು. ಸಹಾಯಕರ ಹೆಸರುಗಳ ಪಟ್ಟಿ ಇಡುವುದು, ಗಾಲಿಕುರ್ಚಿ ರಿಪೇರಿ, ವ್ಯಾನು ಇವು ಅದರ ಮುಖ್ಯ ಕೆಲಸಗಳು. ಊರಿನ ಇತರ ಅಂಗವಿಕಲರಿಗೂ ಇದೇ ಅನುಕೂಲ ಸಿಗಲೆಂದು 1972ರಲ್ಲಿ 'ಸೆಂಟರ್ ಫಾರ್ ಇಂಡಿಪೆಂಡೆಂಟ್ ಲಿವಿಂಗ್' ಸ್ಥಾಪನೆಯಾಯಿತು. ಸ್ವಾವಲಂಬನೆ ಎಂಬ ಪದಕ್ಕೆ ಇವರು ಹೊಸ ಅರ್ಥ ಕೊಟ್ಟರು. ಎರಡು ಗಂಟೆ ಹೆಣಗಿ ತಾನೇ ಅಂಗಿ ತೊಡುವುದಕ್ಕಿಂತ, ಹದಿನೈದು ನಿಮಿಷದಲ್ಲಿ ಸಹಾಯಕನಿಂದ ತೊಡಿಸಿಕೊಂಡು ತರಗತಿಗೆ ಹೋಗುವುದೇ ಸ್ವಾವಲಂಬನೆ ಎಂದರು. 1975ರಲ್ಲಿ ಎಡ್ ರಾಬರ್ಟ್ಸ್ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಯ ನಿರ್ದೇಶಕರಾಗಿ ನೇಮಕಗೊಂಡರು. ಅವರು ಉದ್ಯೋಗಕ್ಕೆ ಅನರ್ಹರೆಂದು ತೀರ್ಪಿತ್ತಿದ್ದ ಇಲಾಖೆ ಅದೇ!

ಬ್ರಿಟನ್ ಮತ್ತು ಸ್ವೀಡನ್

ಬ್ರಿಟನ್ನಿನಲ್ಲಿ ಈ ಹೋರಾಟ ಆರಂಭವಾದದ್ದು ಆಶ್ರಯಧಾಮದ ಒಳಗಿನಿಂದ. ಹ್ಯಾಂಪ್‌ಶೈರಿನ ಲೆ ಕೋರ್ಟ್ ಎಂಬ ಧಾಮದಲ್ಲಿ ವಾಸವಾಗಿದ್ದ ಪಾಲ್ ಹಂಟ್ 1972ರಲ್ಲಿ 'ದಿ ಗಾರ್ಡಿಯನ್' ಪತ್ರಿಕೆಗೆ ಪತ್ರ ಬರೆದು, ಇಂಥ ಸಂಸ್ಥೆಗಳಲ್ಲಿರುವವರು ಸಂಘಟಿತರಾಗಬೇಕೆಂದು ಕರೆಕೊಟ್ಟರು. 1979ರಲ್ಲಿ ಅದೇ ಧಾಮದ ಜಾನ್ ಇವಾನ್ಸ್ ಮೊದಲಾದ ನಿವಾಸಿಗಳು, 1981 ಅಂತರರಾಷ್ಟ್ರೀಯ ಅಂಗವಿಕಲರ ವರ್ಷವಾಗಲಿದ್ದುದರಿಂದ 'ಪ್ರಾಜೆಕ್ಟ್ 81' ಎಂಬ ಹೆಸರಿನ ಗುಂಪು ಕಟ್ಟಿದರು. ಅವರ ವಾದ ಸರಳವಾಗಿತ್ತು: ನಮ್ಮನ್ನು ಧಾಮದಲ್ಲಿಡಲು ಸರ್ಕಾರ ಮಾಡುವ ಖರ್ಚನ್ನು ನಮ್ಮ ಕೈಗೇ ಕೊಡಿ, ನಾವು ಊರಿನಲ್ಲಿ ಮನೆ ಮಾಡಿ ಸಹಾಯಕರನ್ನು ಇಟ್ಟುಕೊಳ್ಳುತ್ತೇವೆ.

ಇದಕ್ಕೆ 1948ರ ಕಾನೂನು ಅಡ್ಡಿಯಾಗಿತ್ತು. ಸ್ಥಳೀಯ ಸಂಸ್ಥೆಗಳು ಸೇವೆ ಒದಗಿಸಬಹುದಿತ್ತೇ ಹೊರತು ಅಂಗವಿಕಲರ ಕೈಗೆ ನಗದು ಕೊಡುವಂತಿರಲಿಲ್ಲ. ಸುತ್ತುಬಳಸಿನ ದಾರಿಗಳನ್ನು ಹುಡುಕಿಕೊಂಡೇ ಮೊದಲ ಕೆಲವರು ಹೊರಬಂದರು. ಇವಾನ್ಸ್ 1983ರಲ್ಲಿ ಧಾಮ ಬಿಟ್ಟರು. 1996ರ ಕಾಯಿದೆ, 1997ರ ಏಪ್ರಿಲಿನಿಂದ ಜಾರಿಗೆ ಬಂದು, ನೇರ ಪಾವತಿಯನ್ನು ಕಾನೂನುಬದ್ಧಗೊಳಿಸಿತು. ಅಲ್ಲಿಗೆ ಅಂಗವಿಕಲ ವ್ಯಕ್ತಿ ಕಾನೂನಿನ ದೃಷ್ಟಿಯಲ್ಲೂ 'ಮಾಲೀಕ'ನಾದ. ಆದರೆ ಮಾಲೀಕನಾಗುವುದು ಸುಲಭವೇ? ಜಾಹೀರಾತು ಬರೆಯುವುದು, ಸಂದರ್ಶನ ಮಾಡುವುದು, ಕೆಲಸದ ಕರಾರು, ಸಂಬಳದ ಲೆಕ್ಕ, ರಜೆ, ವಿಮೆ ಇವೆಲ್ಲ ಬಾಲ್ಯದಿಂದ ಧಾಮದಲ್ಲೇ ಇದ್ದವನಿಗೆ ಎಲ್ಲಿಂದ ತಿಳಿಯಬೇಕು? ಆದ್ದರಿಂದ ತರಬೇತಿ ಮೊದಲು ಬೇಕಾದದ್ದು ಅಂಗವಿಕಲರಿಗೇ ಎಂಬುದು ಸ್ಪಷ್ಟವಾಯಿತು.

ಈ ಮಾತನ್ನು ಅತ್ಯಂತ ಕ್ರಮಬದ್ಧವಾಗಿ ಜಾರಿಗೆ ತಂದದ್ದು ಸ್ವೀಡನ್. ಜರ್ಮನಿಯಲ್ಲಿ ಹುಟ್ಟಿದ ಅಡೋಲ್ಫ್ ರಾಟ್ಜ್ಕಾ 17ರ ಹರೆಯದಲ್ಲಿ ಪೋಲಿಯೊಗೆ ತುತ್ತಾಗಿ ಐದು ವರ್ಷ ಆಸ್ಪತ್ರೆಯಲ್ಲಿದ್ದು, 1966ರಲ್ಲಿ ಓದಲು ಲಾಸ್ ಏಂಜಲಿಸ್‌ಗೆ ಹೋದರು. ಅಲ್ಲಿ ಸಹಾಯಕರನ್ನು ತಾವೇ ನೇಮಿಸಿಕೊಂಡು ಬದುಕಿದ ಅನುಭವವನ್ನು 1970ರ ದಶಕದಲ್ಲಿ ಸ್ವೀಡನ್ನಿಗೆ ಒಯ್ದರು. 1984ರಲ್ಲಿ ಸ್ಟಾಕ್‌ಹೋಮಿನಲ್ಲಿ ಸ್ಥಾಪನೆಯಾದ 'ಸ್ಟಿಲ್' ಎಂಬ ಸಹಕಾರ ಸಂಘದ ಸದಸ್ಯರು ಅಂಗವಿಕಲರೇ. ಸಂಬಳ, ತೆರಿಗೆಗಳ ಲೆಕ್ಕವನ್ನು ಸಂಘ ನೋಡಿಕೊಳ್ಳುತ್ತದೆ. ಸಹಾಯಕನನ್ನು ಆರಿಸುವುದು, ಕಲಿಸುವುದು, ಕೆಲಸ ನಿರ್ದೇಶಿಸುವುದು ಸದಸ್ಯನ ಹೊಣೆ. ಆ ಹೊಣೆ ಹೊರುವ ಬಗೆಯನ್ನು ಹಳೆಯ ಸದಸ್ಯರು ಹೊಸ ಸದಸ್ಯರಿಗೆ ಕಲಿಸಿದರು. 1993ರಲ್ಲಿ ಅಂಗೀಕಾರವಾಗಿ 1994ರ ಜನವರಿ 1ರಿಂದ ಜಾರಿಗೆ ಬಂದ ಕಾಯಿದೆ, ಆಪ್ತ ಸಹಾಯವನ್ನು ಅಲ್ಲಿ ಕಾನೂನಿನ ಹಕ್ಕಾಗಿಸಿತು.

ಸಹಾಯಕನ ಬೆನ್ನು

ಇಲ್ಲಿಯವರೆಗೆ ಹೇಳಿದ್ದು ಒಂದು ಪಕ್ಷದ ಕಥೆ. ಇನ್ನೊಂದು ಪಕ್ಷವೂ ಇದೆ. ದಿನಕ್ಕೆ ಹಲವು ಬಾರಿ ಒಬ್ಬ ದೊಡ್ಡ ಮನುಷ್ಯನನ್ನು ಎತ್ತಿ ಇಳಿಸುವವರ ಬೆನ್ನು ಏನಾಗಬೇಕು? ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಬಡ ಹೆಂಗಸರು, ವಲಸೆ ಬಂದವರು. ಕ್ಯಾಲಿಫೋರ್ನಿಯಾದಲ್ಲಿ 1973ರಲ್ಲಿ ಆರಂಭವಾದ ಗೃಹ ಸಹಾಯ ಯೋಜನೆಯಡಿ ಸಹಾಯಕರನ್ನು ನೇಮಿಸುವ, ತೆಗೆಯುವ ಅಧಿಕಾರ ಅಂಗವಿಕಲರದ್ದು, ಸಂಬಳ ಸರ್ಕಾರದ್ದು. ಸಂಬಳ ಸಾಲದಿದ್ದರೆ ಯಾರನ್ನು ಕೇಳಬೇಕೆಂಬುದೇ ಸಹಾಯಕರಿಗೆ ಬಹುಕಾಲ ತಿಳಿಯದಾಗಿತ್ತು. ದೀರ್ಘ ಹೋರಾಟದ ಬಳಿಕ 1999ರಲ್ಲಿ ಲಾಸ್ ಏಂಜಲಿಸ್ ಪ್ರಾಂತದ 74,000 ಗೃಹ ಸಹಾಯಕರು ಕಾರ್ಮಿಕ ಸಂಘ ಸೇರಿದರು. ಸಂಬಳದ ಜೊತೆಗೆ ತರಬೇತಿಯೂ ಕಾರ್ಮಿಕರ ಬೇಡಿಕೆಯಾಯಿತು. ವಾಷಿಂಗ್ಟನ್ ರಾಜ್ಯದಲ್ಲಿ 2011ರಲ್ಲಿ ಮತದಾರರೇ ಒಪ್ಪಿದ ಕಾನೂನು ಇಂಥ ಕೆಲಸಗಾರರಿಗೆ 75 ಗಂಟೆಗಳ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ತಂದೆತಾಯಿ, ಮಕ್ಕಳನ್ನು ನೋಡಿಕೊಳ್ಳುವವರಿಗೆ ವಿನಾಯಿತಿ ಇತ್ತು. ಇಂಗ್ಲೆಂಡಿನಲ್ಲಿ ಹೀಗಿಲ್ಲ. 2015ರಲ್ಲಿ ಅಲ್ಲಿ ಆರೈಕೆ ಕೆಲಸಗಾರರಿಗೆಂದು ಒಂದು ಪ್ರಮಾಣಪತ್ರ ಬಂದಿತಾದರೂ ಅಂಗವಿಕಲರು ನೇರವಾಗಿ ನೇಮಿಸಿಕೊಂಡ ಸಹಾಯಕರಿಗೆ ಅದು ಕಡ್ಡಾಯವಾಗಲಿಲ್ಲ.

ಈ ಎರಡು ಹಿತಗಳು ಮುಖಾಮುಖಿಯಾದ ಒಂದು ಪ್ರಕರಣ ಇಂಗ್ಲೆಂಡಿನ ಉಚ್ಚ ನ್ಯಾಯಾಲಯಕ್ಕೆ ಬಂದಿತು. ಈಸ್ಟ್ ಸಸೆಕ್ಸ್ ಪ್ರಾಂತದಲ್ಲಿ ತೀವ್ರ ಅಂಗವಿಕಲತೆಯುಳ್ಳ ಇಬ್ಬರು ಅಕ್ಕತಂಗಿಯರಿದ್ದರು. ಕೆಲಸಗಾರರು ಅವರನ್ನು ಕೈಯಿಂದ ಎತ್ತಬಾರದು, ಯಂತ್ರವನ್ನೇ ಬಳಸಬೇಕೆಂಬುದು ಸ್ಥಳೀಯ ಆಡಳಿತದ ನಿಲುವು. ಭಾರ ಎತ್ತುವ ಕೆಲಸದ ಬಗ್ಗೆ 1992ರ ಸುರಕ್ಷತಾ ನಿಯಮಗಳು ಬಂದ ಮೇಲೆ ಇಂಥ ನಿಲುವುಗಳು ಸಾಮಾನ್ಯವಾಗಿದ್ದವು. ಕೈಯಿಂದ ಎತ್ತದಿದ್ದರೆ ಮಕ್ಕಳಿಗೆ ಈಜು, ಪೇಟೆ ಸುತ್ತಾಟ ಎಲ್ಲವೂ ನಿಂತುಹೋಗುತ್ತದೆಂದು ತಂದೆತಾಯಿ ವಾದಿಸಿದರು. ಕೈಯಿಂದ ಎತ್ತುವುದನ್ನು ಎಲ್ಲ ಸಂದರ್ಭಕ್ಕೂ ಸಾರಾಸಗಟಾಗಿ ನಿಷೇಧಿಸುವುದು ಕಾನೂನಿಗೆ ಹೊಂದುವುದಿಲ್ಲ, ಅಂಗವಿಕಲರ ಘನತೆ ಹಾಗೂ ಕೆಲಸಗಾರರ ಸುರಕ್ಷತೆ ಎರಡನ್ನೂ ಪ್ರತಿಯೊಂದು ಸಂದರ್ಭದಲ್ಲಿ ತೂಗಿ ನೋಡಬೇಕು ಎಂಬುದು 2003ರ ತೀರ್ಪಿನ ಸಾರ. ಹೀಗೆ ತೂಗಲು ಇಬ್ಬರಿಗೂ ತಿಳಿವಳಿಕೆ ಬೇಕು. ಆದ್ದರಿಂದ ತರಬೇತಿ ಬೇಕೇ ಬೇಡವೇ ಎಂಬುದಕ್ಕಿಂತ, ಯಾವುದನ್ನು ಯಾರು ಕಲಿಸಬೇಕು ಎಂಬುದೇ ಸರಿಯಾದ ಪ್ರಶ್ನೆ.

ತಾಲೀಮು ಮತ್ತು ತರಬೇತಿ

ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಹೇಳುವವರಿಗೆ ಇಲ್ಲಿ ಎರಡು ಪದಗಳು ನೆನಪಾಗುತ್ತವೆ. ಕನ್ನಡದ 'ತಾಲೀಮು' ಮತ್ತು 'ತರಬೇತಿ' ಎರಡೂ ಅರಬ್ಬಿಯಿಂದ ಉರ್ದುವಿನ ದಾರಿಯಾಗಿ ಬಂದವು. ಉರ್ದುವಿನಲ್ಲಿ 'ತಾಲೀಮ್' ಎಂದರೆ ವಿದ್ಯೆ. ಕನ್ನಡದಲ್ಲಿ ಅದು ಗರಡಿಮನೆಯ ಅಭ್ಯಾಸವಾಯಿತು. 'ತರ್ಬಿಯತ್' ಎಂದರೆ ಬೆಳೆಸುವುದು, ಜೊತೆಗಿದ್ದು ನಡೆನುಡಿ ರೂಪಿಸುವುದು. ಕನ್ನಡಕ್ಕೆ ಬಂದು 'ತರಬೇತಿ' ಆದಾಗ ಆ ಅರ್ಥ ಮಾಸಿ ಬರೀ ಕೌಶಲ್ಯದ ಕಲಿಕೆ ಉಳಿಯಿತು.

ಆಪ್ತ ಸಹಾಯಕನಿಗೆ ಎರಡೂ ಬೇಕು. ಮೊದಲನೆಯದು ತಾಲೀಮು. ಹಾಸಿಗೆಯಿಂದ ಗಾಲಿಕುರ್ಚಿಗೆ ಸ್ಥಳಾಂತರಿಸುವಾಗ ಮೊದಲು ಕುರ್ಚಿಯ ಬ್ರೇಕು ಹಾಕಬೇಕು, ಕಾಲಿಡುವ ಹಲಗೆ ಸರಿಸಬೇಕು, ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತಬೇಕು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ಒತ್ತಡದ ಹುಣ್ಣು ಆಗುತ್ತದೆ. ಚರ್ಮ ಕೆಂಪಾದೊಡನೆ ಗುರುತಿಸಬೇಕು. ಉಣಿಸುವಾಗ ಎದುರು ಕುಳಿತು, ತುತ್ತು ನುಂಗಿದ ಮೇಲೆಯೇ ಇನ್ನೊಂದು ಕೊಡಬೇಕು. ಮೂತ್ರನಾಳದ ಕೊಳವೆ, ಉಸಿರಾಟದ ಯಂತ್ರ ಇದ್ದವರಿಗೆ ಬಲ್ಲ ದಾದಿಯರೇ ತೋರಿಸಿಕೊಡಬೇಕು. ಇವನ್ನು ತರಗತಿಯಲ್ಲಿ ಕಲಿಯಬಹುದು, ಕಲಿಯಲೇಬೇಕು.

ಎರಡನೆಯದು ತರ್ಬಿಯತ್. ಎತ್ತುವ ಮೊದಲು 'ಒಂದು, ಎರಡು, ಮೂರು' ಎಂದು ಎಣಿಸುವವರು ಯಾರು? ಎತ್ತಲ್ಪಡುವವರು ಎಣಿಸಿದರೆ ಇಡೀ ಕೆಲಸದ ಲಗಾಮು ಅವರ ಕೈಯಲ್ಲಿರುತ್ತದೆ. ಅಂಗಡಿಯವನು ಗಾಲಿಕುರ್ಚಿಯಲ್ಲಿರುವವರನ್ನು ಬಿಟ್ಟು ಸಹಾಯಕನತ್ತ ತಿರುಗಿ "ಇವರಿಗೆ ಏನು ಬೇಕಂತೆ?" ಎಂದು ಕೇಳಿದಾಗ ಸಹಾಯಕ ಸುಮ್ಮನಿರಬೇಕು. ಸುಮ್ಮನಿರುವುದೂ ಒಂದು ಕೆಲಸ. ಮನೆಯ ಮಾತು ಹೊರಗೆ ಹೋಗಬಾರದು. ತನಗೆ ಸರಿಕಾಣದ ಅಂಗಿಯನ್ನೂ ಕೇಳಿದೊಡನೆ ತೊಡಿಸಬೇಕು. ಇಂಥ ಪಾಠಕ್ಕೆ ಪಠ್ಯಪುಸ್ತಕವಿಲ್ಲ. ಒಬ್ಬೊಬ್ಬರ ದೇಹ, ಅಭ್ಯಾಸ, ನಾಚಿಕೆ ಬೇರೆ ಬೇರೆಯಾದ್ದರಿಂದ ಇದನ್ನು ಕಲಿಸಬಲ್ಲವರು ಆ ವ್ಯಕ್ತಿ ಮಾತ್ರ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2017ರಲ್ಲಿ ನೀಡಿದ ವಿವರಣೆಯೂ ಇದನ್ನೇ ಹೇಳುತ್ತದೆ: ಆಪ್ತ ಸಹಾಯಕರನ್ನು ನೇಮಿಸುವುದು, ತರಬೇತುಗೊಳಿಸುವುದು, ಮೇಲ್ವಿಚಾರಣೆ ಮಾಡುವುದು ನೆರವು ಪಡೆಯುವ ವ್ಯಕ್ತಿಯೇ ಆಗಿರಬೇಕು.

ನಮ್ಮಲ್ಲಿ

2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 19ನೆಯ ವಿಧಿಯಲ್ಲಿ ಆಪ್ತ ಸಹಾಯದ ಉಲ್ಲೇಖವಿದೆ. ಭಾರತ ಇದನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನಾಡುತ್ತದೆ. ಆರೈಕೆಯ ಬಗ್ಗೆ ಕುಟುಂಬದವರಿಗೂ ಇತರರಿಗೂ ತರಬೇತಿ ನೀಡಬೇಕೆನ್ನುತ್ತದೆ. ರಾಷ್ಟ್ರೀಯ ನ್ಯಾಸ 2015ರಲ್ಲಿ 'ಸಹಯೋಗಿ' ಎಂಬ ಆರೈಕೆದಾರರ ತರಬೇತಿ ಯೋಜನೆಯನ್ನೂ ಆರಂಭಿಸಿತು.

ಆದರೆ ಆ ಅಧಿನಿಯಮದ ವ್ಯಾಖ್ಯೆಯನ್ನು ಗಮನಿಸಿರಿ. ಸಂಬಳ ಪಡೆದು ಅಥವಾ ಪಡೆಯದೆ ನೆರವಾಗುವ ತಂದೆತಾಯಿ, ಕುಟುಂಬದವರು ಎಲ್ಲರೂ ಅಲ್ಲಿ 'ಆರೈಕೆದಾರರು'. ಇದು ನಮ್ಮ ವಸ್ತುಸ್ಥಿತಿ. ನಮ್ಮಲ್ಲಿ ಆಪ್ತ ಸಹಾಯಕ ಎಂದರೆ ಬಹುಪಾಲು ಅಮ್ಮ, ಅಕ್ಕ, ಹೆಂಡತಿ. ಹಣವುಳ್ಳವರು ಆಯಾ ಇಟ್ಟುಕೊಂಡರೂ ಅವಳಿಗೆ ಕೆಲಸ ಹೇಳುವುದು ಮನೆಯ ಹಿರಿಯರು. ನಾವು ಇದನ್ನು ಸೇವೆ ಎನ್ನುತ್ತೇವೆ, ಖಿದ್ಮತ್ ಎನ್ನುತ್ತೇವೆ. ಪುಣ್ಯದ ಕೆಲಸ ಹೌದು. ಆದರೆ ಸೇವೆ ಪಡೆದವನು ಋಣಿಯಾಗಿ ಸುಮ್ಮನಿರಬೇಕಾಗುತ್ತದೆ. ಅಮ್ಮ ದಣಿದಿದ್ದಾಳೆಂದು ಬಾಯಾರಿದರೂ ನೀರು ಕೇಳದೆ ಕುಳಿತ ಮಕ್ಕಳನ್ನು ಶಿಕ್ಷಕರಾದ ನಾವು ಕಂಡಿದ್ದೇವೆ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ನಮ್ಮ ಪರೀಕ್ಷೆಗಳಲ್ಲಿ ಬರೆಯಲಾಗದ ವಿದ್ಯಾರ್ಥಿಗೆ ಕೆಳಗಿನ ತರಗತಿಯವನೊಬ್ಬನನ್ನು ಬರಹಗಾರನಾಗಿ ಕೊಡುವ ಪದ್ಧತಿ ಇದೆ. ಕೆಲವು ವರ್ಷಗಳ ಹಿಂದೆ ಅಂಥ ಒಬ್ಬ ವಿದ್ಯಾರ್ಥಿಗೆ ಬರಹಗಾರನನ್ನು ಗೊತ್ತುಮಾಡುವ ಕೆಲಸ ನನ್ನದಾಗಿತ್ತು. ಅಕ್ಷರ ದುಂಡಾಗಿದ್ದ, ಚುರುಕಾದ ಹುಡುಗನನ್ನು ಆರಿಸಿ, ಬೇಗ ಬೇಗ ಬರೆಯಲು ಅವನಿಗೆ ಅಭ್ಯಾಸವನ್ನೂ ಮಾಡಿಸಿದೆ. ಇಬ್ಬರೂ ಮೊದಲ ಬಾರಿ ಭೇಟಿಯಾದದ್ದು ಪರೀಕ್ಷೆಯ ಬೆಳಿಗ್ಗೆ. ಹೊರಬಂದ ವಿದ್ಯಾರ್ಥಿ ಹೇಳಿದ್ದು ಒಂದೇ ಮಾತು: "ಸರ್, ಅವನು ನಾನು ಹೇಳಿ ಮುಗಿಸುವ ಮೊದಲೇ ಬರೆದುಬಿಡುತ್ತಿದ್ದ." ನಾನು ಬರಹಗಾರನಿಗೆ ಕಲಿಸಿದ್ದೆ. ಯಾರ ಉತ್ತರವನ್ನು ಅವನು ಬರೆಯಬೇಕಿತ್ತೋ ಆ ಹುಡುಗನನ್ನು ಒಂದು ಮಾತೂ ಕೇಳಿರಲಿಲ್ಲ. ಮರುವರ್ಷದಿಂದ ಇಬ್ಬರನ್ನೂ ಪರೀಕ್ಷೆಗೆ ಎಷ್ಟೋ ವಾರ ಮೊದಲೇ ಒಟ್ಟಿಗೆ ಕೂರಿಸಿ, ಅಭ್ಯಾಸದ ಹೊಣೆಯನ್ನು ಹೇಳಿ ಬರೆಸುವವನಿಗೇ ವಹಿಸುತ್ತಿದ್ದೇನೆ.

ಕೋವೆಲ್ ಆಸ್ಪತ್ರೆಯ ವಿದ್ಯಾರ್ಥಿಗಳು 1960ರ ದಶಕದಲ್ಲೇ ಕಂಡುಕೊಂಡ ಪಾಠ ಇದೇ. ದೊಡ್ಡ ಯೋಜನೆ, ಅನುದಾನಗಳು ಬರಬೇಕು; ಸಹಾಯಕರಿಗೆ ನ್ಯಾಯವಾದ ಸಂಬಳವೂ ತಕ್ಕ ತಾಲೀಮೂ ಸಿಗಬೇಕು. ಅವು ಬರುವವರೆಗೆ ನಾವು ಮಾಡಬಹುದಾದ ಕೆಲಸವೂ ಇದೆ. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನೆರವಿನ ಕೈ ಚಾಚುವ ಮೊದಲು "ಹೇಗೆ ಹಿಡಿಯಲಿ?" ಎಂದು ಅವರನ್ನೇ ಕೇಳೋಣ. ಮಕ್ಕಳಿಗೆ ಚಿಕ್ಕಂದಿನಿಂದಲೇ ತಮಗೆ ಬೇಕಾದ ನೆರವನ್ನು ಸ್ಪಷ್ಟವಾಗಿ, ಸಂಕೋಚವಿಲ್ಲದೆ ಹೇಳಲು ಅಭ್ಯಾಸ ಮಾಡಿಸೋಣ. ನಾಳೆ ಆ ಮಕ್ಕಳು ಸಂಬಳ ಕೊಟ್ಟು ಸಹಾಯಕರನ್ನು ಇಟ್ಟುಕೊಳ್ಳುವಷ್ಟು ಓದಲಿ, ದುಡಿಯಲಿ. ಅಂದು ಕೆಲಸ ಕಲಿಸಲು ಅವರಿಗೆ ಮಾತು ತಡವರಿಸಬಾರದು.